ಹೊಳ್ಳಿ ಕಲ್ಲಾಗುವ ಸುಣ್ಣ

"ತಪ್ಪಾತು ಅಂತ ಒಂದ ಮಾತು ಅಂದುಬಿಡು ಬೇ ಹನಮವ್ವ. ಮಂದಿ ಎದುರಿಗೆ ಅಂದುಬಿಡು, ಅಲ್ಲಿಗೆ ಮುಗೀತು" ಎಂದರು ಶಂಭುಲಿಂಗಪ್ಪ, ಊರ ಹೆಬ್ಬಾಗಿಲಾದ ಅಗಸಿಯ ಕಟ್ಟೆಯ ಮೇಲೆ ಕುಳಿತು.

"ಯಾವ ತಪ್ಪರೀ?" ಎಂದಳು ಹನಮವ್ವ.

ಕೇಳುವ ಧಾಟಿಯಾದರೂ ಎಂಥದು ಅಂತೀರಿ! ಅರ್ಧ ಊರು ಅಲ್ಲಿ ನೆರೆದಿತ್ತು. ನವಲಗುಂದಕ್ಕೆ ಹೋಗಬೇಕಾದವರು ಬಂದ ಬಸ್ಸನ್ನೂ ಬಿಟ್ಟು ನಿಂತಿದ್ದರು. ಅರವತ್ತೆರಡರ ಹೆಂಗಸು ತಲೆ ತಗ್ಗಿಸುತ್ತಾಳೆ, ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ, ಕಡೆಗೆ ಒಂದು ಹನಿ ಕಣ್ಣೀರಾದರೂ ಹಾಕುತ್ತಾಳೆ ಎಂದು ಎಲ್ಲರೂ ಕಾಯುತ್ತಿದ್ದರೆ, ಈಕೆ ಸೆರಗನ್ನು ಸೊಂಟಕ್ಕೆ ಬಿಗಿದು ಯಾವ ತಪ್ಪು ಎಂದು ಕೇಳುತ್ತಿದ್ದಾಳೆ.

ತಪ್ಪು ಗೋಡೆಯ ಮೇಲೇ ಇತ್ತು. ಹೋದ ದೀಪಾವಳಿ ಮುಗಿದ ಮೇಲೆ ಊರವರು ಸೇರಿ ತಮ್ಮ ಹಳೆಯ ಅಗಸಿ ಬಾಗಿಲನ್ನು ದುರಸ್ತಿ ಮಾಡಿಸಿದ್ದರು. ಹಳೇ ಕಲ್ಲಿನ ಕಟ್ಟಡಕ್ಕೆ ಸಿಮೆಂಟು ಹೊಂದುವುದಿಲ್ಲ, ಸುಣ್ಣದ ಗಚ್ಚೇ ಆಗಬೇಕು ಎಂದು ಹಟ ಹಿಡಿದವರು ಹಿರಿಯರಾದ ಶಂಭುಲಿಂಗಪ್ಪನವರೇ. ಸುಣ್ಣ ಸುಟ್ಟುಕೊಟ್ಟವಳು ಹನಮವ್ವ, ಉಸುಕು ಬೆರೆಸಿ ಗಚ್ಚು ಅರೆದು ಗೋಡೆಗೆ ಮೆತ್ತಿದವಳೂ ಅವಳೇ. ಈಗ ಆರಿದ್ರಾ ಮಳೆ ಮುಗಿಯುವ ಹೊತ್ತಿಗೆ ಅಗಸಿಯ ಎರಡೂ ಪಕ್ಕದ ಗೋಡೆ ಬೊಕ್ಕೆ ಎದ್ದಂತೆ ಉಬ್ಬಿ, ಬಣ್ಣ ಚಕ್ಕೆ ಚಕ್ಕೆಯಾಗಿ ಬೀಳುತ್ತಿತ್ತು. ಒಳಗಿನ ಗಚ್ಚಿಗೆ ಬೆರಳೂರಿದರೆ ಸಾಕು, ಹಸಿ ಮಣ್ಣಿಗೆ ಊರಿದ ಹಾಗೆ ಒಳಗೆ ಹೋಗುತ್ತಿತ್ತು.

"ಸುಣ್ಣ ಸತ್ತೈತಿ ಮಾಮಾ" ಎಂದ ಹೇಮಂತ. ಇವನು ಶಂಭುಲಿಂಗಪ್ಪನವರ ಅಕ್ಕನ ಮಗ, ಅಗಸಿ ಕೆಲಸದ ಗುತ್ತಿಗೆ ಹಿಡಿದವನು. "ಸುಡಲಾರದ ಕಲ್ಲಿನ ಪುಡಿ ಬೆರಸ್ಯಾಳ ಈಕಿ. ಇಲ್ಲಂದ್ರ ಎಂಟು ತಿಂಗಳಾದ್ರೂ ಗಟ್ಟಿ ಆಗಲಾರದ್ದು ಅಂದ್ರೇನು?"

ಹನಮವ್ವನ ಮೈಯೆಲ್ಲ ಉರಿದುಹೋಯಿತು. ಕಲ್ಲಿನ ಪುಡಿ! ನಲವತ್ತೈದು ವರ್ಷ ಭಟ್ಟಿಯ ಮುಂದೆ ನಿಂತು ಹುಬ್ಬಿನ ಕೂದಲು ಸುಟ್ಟುಕೊಂಡವಳಿಗೆ ಈ ಮಾತು!

ಶಂಭುಲಿಂಗಪ್ಪ ಕೈ ಎತ್ತಿದರು. ಅವರೇನು ಕೆಟ್ಟ ಮನುಷ್ಯರಲ್ಲ. ಆದರೆ ಅಗಸಿಯ ಉದ್ಘಾಟನೆಯ ಕಲ್ಲಿನ ಮೇಲೆ ಅವರ ಹೆಸರು ಕೆತ್ತಿದೆ, ಅದರ ಪಕ್ಕದಲ್ಲೇ ಗೋಡೆ ಸುಲಿಯುತ್ತಿದೆ. "ನೋಡು, ತಪ್ಪು ಒಪ್ಪಿಕೊಂಡಿ ಅಂದ್ರ ನಿನ್ನ ಭಟ್ಟಿ ಇದ್ದಲ್ಲೇ ಇರ್ತೈತಿ. ಇಲ್ಲಂದ್ರ ಹಳ್ಳದ ದಂಡಿ ಮ್ಯಾಗಿನ ಆ ಜಾಗಾ ಊರಿಂದು. ಊರಿಗೆ ಮೋಸ ಮಾಡಿದವರಿಗೆ ಊರು ಜಾಗಾ ಕೊಡೂದಿಲ್ಲ. ನೀನ ಆರಿಸಿಕೋ."

ಒಂದು ಮಾತು ಅಂದುಬಿಟ್ಟರೆ ಭಟ್ಟಿ ಉಳಿಯುತ್ತದೆ. ಬೇರೆ ಯಾರಾದರೂ ಆಗಿದ್ದರೆ ಅಂದು, ಮನೆಗೆ ಹೋಗಿ ಬೈದುಕೊಂಡು ಸುಮ್ಮನಾಗುತ್ತಿದ್ದರು. ಹನಮವ್ವ ಗೋಡೆಯ ಹತ್ತಿರ ಹೋಗಿ ಒಂದು ಹಿಡಿ ಗಚ್ಚು ಕೆರೆದು ತೆಗೆದು, ಬೆರಳಲ್ಲಿ ಹಿಚುಕಿ, ಮೂಸಿ ನೋಡಿದಳು.

"ಶಂಭುಲಿಂಗಪ್ಪಾರ, ಸುಣ್ಣ ಸತ್ತಿಲ್ಲರಿ. ಇದರ ಮೂಗು ಮುಚ್ಚ್ಯಾರ."

ಜನ ಗೊಳ್ಳೆಂದು ನಕ್ಕರು. ನಗಲಿ ಬಿಡಿ. ಆ ಮಾತಿನ ಬೇರು ಎಲ್ಲಿದೆ ಎಂದು ನಗುವವರಿಗೇನು ಗೊತ್ತು?

ಹನಮವ್ವ ಕುಂದಗೋಳದ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದಾಗ ಹದಿನೇಳು ವರ್ಷ. ಗಂಡ ಗುಡದಪ್ಪ, ಅತ್ತೆ, ಬೆಣ್ಣಿಹಳ್ಳದ ದಂಡೆಯ ಮೇಲೊಂದು ಸುಣ್ಣದ ಭಟ್ಟಿ, ಇಷ್ಟೇ ಸಂಸಾರ. ಕಪ್ಪು ಮಣ್ಣಿನ ಎರಿ ಭೂಮಿಯ ಹಳ್ಳದಲ್ಲಿ ನೀರು ಇಳಿದ ಮೇಲೆ ಬೆಳ್ಳಗಿನ ಸುಣ್ಣದ ಹರಳು ಸಿಗುತ್ತವೆ. ಅದನ್ನು ಆರಿಸಿ ತಂದು ತೊಳೆದು, ಭಟ್ಟಿಯಲ್ಲಿ ಒಂದು ಪದರ ಹರಳು, ಒಂದು ಪದರ ಇದ್ದಿಲು ಹೀಗೆ ಪೇರಿಸಿ ಮೂರು ದಿನ ಸುಡುತ್ತಿದ್ದರು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೊತ್ತಿಸಿದ ಭಟ್ಟಿಯನ್ನು ಅವರು ಬಾಣಂತಿ ಎಂದೇ ನಡೆಸಿಕೊಳ್ಳುತ್ತಿದ್ದರು. ಬೇವಿನ ತೊಪ್ಪಲು ಕಟ್ಟಬೇಕು, ಲೋಬಾನ ಹಾಕಬೇಕು, ಚಪ್ಪಲಿ ಮೆಟ್ಟಿ ಹತ್ತಿರ ಬರಬಾರದು, ಯಾರ ಕಣ್ಣೂ ಬೀಳಬಾರದು.

ಮದುವೆಯಾದ ಮೊದಲ ವರ್ಷವೇ ಅತ್ತೆ ಮಗನನ್ನು ಕರೆದುಕೊಂಡು ಅಣ್ಣಿಗೇರಿಗೆ ಒಂದು ಸಾವಿನ ಮನೆಗೆ ಹೋದಳು. ಹೊತ್ತಿದ ಭಟ್ಟಿಯ ಕಾವಲಿಗೆ ಸೊಸೆ. ಮಧ್ಯಾಹ್ನ ಮೋಡ ಕವಿಯಿತು, ತಂಗಾಳಿ ಬೀಸಿತು. ಈ ಹುಡುಗಿ ಏನು ಮಾಡಬೇಕು? ಬಾಣಂತಿಗೆ ಗಾಳಿ ಸೋಕಬಾರದಲ್ಲವೇ! ಭಟ್ಟಿಯ ಬಾಯಿಗೆ ತಗಡು ಮುಚ್ಚಿ, ಸಂದಿ ಸಂದಿಗೂ ಮಣ್ಣು ಮೆತ್ತಿ, ಬಾಣಂತಿಯ ಕಿವಿಗೆ ಬಟ್ಟೆ ಕಟ್ಟಿದ ಹಾಗೆ ಬಿಗಿಯಾಗಿ ಬಂದೋಬಸ್ತು ಮಾಡಿ, ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಕುಳಿತಳು. ಕೆಳಗಿನ ಕಿಂಡಿಯಿಂದ ಇದ್ದಿಲು ಕೆಂಪಗೆ ಕಾಣುತ್ತಿತ್ತು. ಇನ್ನೇನು ಬೇಕು?

ಅತ್ತೆ ಬಂದು ಭಟ್ಟಿ ಬಿಚ್ಚಿ ಒಂದು ಹರಳನ್ನು ಕೈಯಲ್ಲಿ ತೂಗಿ ನೋಡಿದಳು. ಚೆನ್ನಾಗಿ ಸುಟ್ಟ ಹರಳು ಅರ್ಧಕ್ಕರ್ಧ ಹಗುರಾಗಿರುತ್ತದೆ. ಇದು ಹಾಕಿದಾಗ ಎಷ್ಟು ಭಾರವಿತ್ತೋ ಹೆಚ್ಚುಕಡಿಮೆ ಅಷ್ಟೇ ಇತ್ತು. ನೀರಿಗೆ ಹಾಕಿದರೆ ಕುದಿಯಲಿಲ್ಲ, ಅರಳಲಿಲ್ಲ. ಕಲ್ಲು ಕಲ್ಲಾಗಿಯೇ ಕುಳಿತಿತ್ತು.

ಅತ್ತೆ ಬೈಯಲಿಲ್ಲ, ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ನೋಡವಾ, ಈ ಕಲ್ಲಿನೊಳಗ ಒಂದು ಉಸಿರು ಐತಿ. ಬೆಂಕಿ ಅದನ್ನ ಹೊರಗ ಹಾಕ್ತೈತಿ. ಬಾಯಿ ತೆರೆದಿದ್ರ ಅದು ಗಾಳ್ಯಾಗ ಹೋಗತೈತಿ, ಸುಣ್ಣ ಉಳೀತೈತಿ. ಬಾಯಿ ಮುಚ್ಚಿದ್ರ ಎಲ್ಲಿಗೆ ಹೋಗಬೇಕು ಪಾಪ? ಹೊಳ್ಳಿ ಅದ ಕಲ್ಲಿನಾಗ ಹೊಕ್ಕೋತೈತಿ. ಹೊಂಡತೈತಿ, ಹೊಳ್ಳತೈತಿ. ಹೊಂಡತೈತಿ, ಹೊಳ್ಳತೈತಿ. ಮುಂದ ನಿಂತು ನೋಡಿದವರು ಏನೂ ನಡದಿಲ್ಲ ಅಂತಾರ. ಬಾಣಂತಿಗೆ ಹೊದಿಸು, ಬ್ಯಾಡನ್ನೂದಿಲ್ಲ. ಮೂಗು ಮುಚ್ಚಬ್ಯಾಡ."

ಆ ಒಂದು ಭಟ್ಟಿ ಕಲ್ಲು ಹಾಳಾಯಿತು. ಕಲಿತ ಪಾಠ ಮಾತ್ರ ಹಾಳಾಗಲಿಲ್ಲ. ಅತ್ತೆ ಹೋದಳು, ಹನ್ನೊಂದು ವರ್ಷದ ಹಿಂದೆ ಗುಡದಪ್ಪನೂ ಹೋದ. ಸುತ್ತಲಿನ ಹಳ್ಳಿಗಳ ಭಟ್ಟಿಗಳೆಲ್ಲ ಒಂದೊಂದಾಗಿ ಆರಿದವು. ಹನಮವ್ವನ ಭಟ್ಟಿ ವರ್ಷಕ್ಕೆ ನಾಲ್ಕು ಸಲವಾದರೂ ಹೊಗೆಯಾಡುತ್ತಲೇ ಇತ್ತು.

ಅಗಸಿಗೆ ಗಚ್ಚು ಮೆತ್ತಿದ ದಿನವೇ ಅವಳು ಹೇಮಂತನಿಗೆ ಹೇಳಿದ್ದಳು: "ತಮ್ಮಾ, ಭಟ್ಟ್ಯಾಗ ಬಿಟ್ಟ ಉಸಿರನ್ನ ಸುಣ್ಣ ಗ್ವಾಡಿ ಮ್ಯಾಲೆ ಹೊಳ್ಳಿ ತಗೋತೈತಿ. ಗಾಳ್ಯಾಗಿಂದ ಸಾವಕಾಶ ತಗೊಂಡು ಹೊಳ್ಳಿ ಕಲ್ಲ ಆಗತೈತಿ. ನಲವತ್ತೈದು ದಿನ ಮುಂಜಾನಿ ಸಂಜಿ ನೀರು ಹೊಡಿ. ಬಣ್ಣ ಮಾತ್ರ ಮುಟ್ಟಿಸಬ್ಯಾಡ."

ಆರನೆಯ ದಿನಕ್ಕೆ ಉದ್ಘಾಟನೆ ನಿಗದಿಯಾಯಿತು. ದೊಡ್ಡವರು ಬರುತ್ತಾರೆ, ಬೋಳು ಗೋಡೆ ತೋರಿಸುವುದು ಹೇಗೆ? ಹೇಮಂತ ಎರಡು ಕೈ ಎಣ್ಣೆಬಣ್ಣ ಬಳಿಸಿಬಿಟ್ಟ, ಕೇಸರಿ ಮತ್ತು ಹಳದಿ. ಹನಮವ್ವ ಓಡಿಬಂದು ಕೂಗಾಡಿದರೆ, "ಬಣ್ಣ ಹಚ್ಚಿದ್ರ ಇನ್ನೂ ಗಟ್ಟಿ ಆಗತೈತಿ ಬಿಡಬೇ" ಎಂದು ನಕ್ಕಿದ್ದ. ಅದೇ ಹೇಮಂತ ಈಗ ಅವಳ ಸುಣ್ಣ ಸತ್ತಿದೆ ಎನ್ನುತ್ತಾನೆ!

ಸರಿ, ಕಟ್ಟೆಯ ಮುಂದಿನ ಪಂಚಾಯ್ತಿಗೆ ಬರೋಣ. ನಗು ನಿಂತ ಮೇಲೆ ಹನಮವ್ವ ಹೇಳಿದಳು: "ಶಂಭುಲಿಂಗಪ್ಪಾರ, ಎಡಗಡೆ ಗ್ವಾಡಿ ನನಗ ಕೊಡ್ರಿ. ಬಲಗಡೆದು ಹಂಗ ಇರ್ಲಿ, ಯಾರೂ ಮುಟ್ಟಬ್ಯಾಡ್ರಿ. ಎಡಗಡೆ ಬಣ್ಣ ಕೆರೆದು, ಅದ ಗಚ್ಚು ಉದುರಿಸಿ, ಅದನ್ನ ಹೊಳ್ಳಿ ಕುಟ್ಟಿ ಹೊಳ್ಳಿ ಹಚ್ಚತೀನಿ. ಹೊಸಾ ಸುಣ್ಣ ಒಂದು ಹಿಡಿ ಹಾಕೂದಿಲ್ಲ. ನಲವತ್ತೈದು ದಿನ. ಅಷ್ಟರಾಗ ಅದು ಕಲ್ಲ ಆಗಲಿಲ್ಲಂದ್ರ ನೀವು ಭಟ್ಟಿ ಕೀಳೂದು ಬ್ಯಾಡ. ಹಾರಿ ತಗೊಂಡು ನಾನ ಒಡೀತೀನಿ, ಇದ ಮಂದಿ ಎದುರಿಗೆ."

"ಅದ ಸತ್ತ ಗಚ್ಚನ್ನ ಹೊಳ್ಳಿ ಹಚ್ಚತಾಳಂತ!" ಎಂದು ಹೇಮಂತ ಕೈ ತಟ್ಟಿದ.

"ಸತ್ತಿದ್ರ ಕಲಸಾಕ ಬರ್ತಿರಲಿಲ್ಲಪಾ. ನೀರು ಹಾಕಿ ತೋರಸ್ತೀನಿ, ಕಣ್ಣು ಬಿಟ್ಟು ನೋಡು."

ಶಂಭುಲಿಂಗಪ್ಪ ಒಪ್ಪಿದರು.

ಮರುದಿನದಿಂದ ಹನಮವ್ವನ ಸಂಸಾರ ಅಗಸಿಗೇ ಬಂತು. ಬಣ್ಣ ಕೆರೆದಳು, ಮೆತ್ತಗಿನ ಗಚ್ಚನ್ನು ಉದುರಿಸಿ ಒರಳಿಗೆ ಹಾಕಿ ಕುಟ್ಟಿದಳು. ನೀರು ಬಿದ್ದದ್ದೇ ತಡ, ಎಂಟು ತಿಂಗಳ ಹಿಂದಿನ ಗಚ್ಚು ನಿನ್ನೆ ಅರೆದದ್ದರ ಹಾಗೆ ಬೆಣ್ಣೆಯಾಯಿತು. ಥಾಪಿ ಹಿಡಿದು ತಾನೇ ಮೆತ್ತಿದಳು. ಮಳೆಯ ಏಟು ಬೀಳದಂತೆ ಬಿದಿರು ನಿಲ್ಲಿಸಿ ಗೋಣಿ ತಟ್ಟು ಇಳಿಬಿಟ್ಟಳು, ಅದೂ ಗೋಡೆಯಿಂದ ಒಂದು ಮೊಳ ದೂರ, ಗಾಳಿ ಆಡಬೇಕಲ್ಲ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಬೇವಿನ ತೊಪ್ಪಲಿನಿಂದ ನೀರು ಚಿಮುಕಿಸುವುದು. ಹೋಗಿಬರುವವರದು ಒಂದೇ ಹಾಡು: "ಏನ್ ಹನಮವ್ವಾ, ಗ್ವಾಡಿಗೆ ಜಳಕ ಆತೇನು?"

"ಆತು. ನಿಂದಾತೇನು?" ಎನ್ನುತ್ತಿದ್ದಳು. ಮರುದಿನ ಅವರು ಕೇಳುತ್ತಿರಲಿಲ್ಲ.

ಇಪ್ಪತ್ತನೆಯ ದಿನ ಮೊಳೆ ತೆಗೆದುಕೊಂಡು ಗೀರಿ ನೋಡಿದಳು. ಒಳಗೆ ಇಳಿಯಿತು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಈ ಎಣ್ಣೆಬಣ್ಣ ಸುಣ್ಣದ ಸತ್ವ ಹೀರಿಬಿಟ್ಟಿದ್ದರೆ? ಅತ್ತೆ ಎಣ್ಣೆಬಣ್ಣ ಕಂಡವಳಲ್ಲ, ಅದರ ಬಗ್ಗೆ ಏನೂ ಹೇಳಿರಲಿಲ್ಲ. ಅಂದು ಸಂಜೆಯೇ ಶಂಭುಲಿಂಗಪ್ಪನವರ ಹೆಂಡತಿ ಗೌರಕ್ಕ ತಾವೇ ಅಗಸಿಯವರೆಗೆ ಬಂದರು. ಒಳ್ಳೆಯ ಹೆಂಗಸು, ದನಿ ತಗ್ಗಿಸಿ ಹೇಳಿದರು: "ಯಾಕ ಜೀವಾ ತೇಯ್ತಿ ಹನಮವ್ವ? ನಮ್ಮನಿಗೆ ಬಂದು ಒಂದ ಮಾತು ಅಂದುಹೋಗು. ಮಂದಿ ಎದುರಿಗೂ ಬ್ಯಾಡ. ಭಟ್ಟಿ ಉಳೀತೈತಿ."

"ಅಕ್ಕಾರ, ನಾ ತಪ್ಪು ಅಂದ್ರ ನನ್ನ ಸುಣ್ಣ ಖೊಟ್ಟಿ ಅಂದಂಗ ಆತು. ಆಮ್ಯಾಲ ಆ ಭಟ್ಟಿ ಉಳಿಸಿಕೊಂಡು ಏನು ಅದರಾಗ ಗೆಣಸು ಸುಡಲೇನು?"

ಗೌರಕ್ಕನಿಗೆ ನಗು ತಡೆಯಲಾಗಲಿಲ್ಲ. ಆದರೂ ತಲೆ ಅಲ್ಲಾಡಿಸುತ್ತ ಹೋದರು.

ಆ ದಿನಗಳಲ್ಲಿ ಅವಳ ಪಕ್ಕ ನಿಂತವರೆಂದರೆ ಹೈಸ್ಕೂಲಿನ ವಿಜ್ಞಾನದ ಟೀಚರು ಅಮೃತಾ ಒಬ್ಬರೇ. ಅಣ್ಣಿಗೇರಿಯಿಂದ ದಿನಾ ಬಸ್ಸಿಗೆ ಬಂದು ಅಗಸಿಯ ಮುಂದೆ ಇಳಿಯುತ್ತಿದ್ದರು. ಒಂದು ದಿನ ನೋಟ್‌ಬುಕ್ಕು ತೆರೆದು ತೋರಿಸಿದರು: ಒಂದು ಕಡೆ ಕಲ್ಲು, ಇನ್ನೊಂದು ಕಡೆ ಸುಣ್ಣ ಮತ್ತು ಇಂಗಾಲದ ಡೈಆಕ್ಸೈಡು, ನಡುವೆ ಎರಡು ಬಾಣ, ಒಂದು ಹೋಗುವುದು, ಒಂದು ಬರುವುದು.

"ಇದೇನ್ರೀ ಅಕ್ಕಾರ, ಎರಡು ಬಾಣ?"

"ಇದನ್ನ ದ್ವಿಮುಖ ಕ್ರಿಯೆ ಅಂತೀವಿ ದೊಡ್ಡವ್ವಾ. ಎರಡೂ ಕಡೆ ನಡೆಯೂದು. ಮುಚ್ಚಿದ ಪಾತ್ರೆಯೊಳಗ ಹೋಗೂದು ಬರೂದು ಎರಡರ ವೇಗ ಒಂದ ಆದಾಗ ಸಮತೋಲನ. ನಿಂತಂಗ ಕಾಣ್ತೈತಿ, ನಿಂತಿರೂದಿಲ್ಲ. ಹುಡುಗ್ರಿಗೆ ಇದ ತಿಳಿವಲ್ದು. ನಿಂತಿಲ್ಲ ಅಂದ್ರ ಬದಲಾಗಬೇಕಲ್ರೀ ಅಂತಾರ."

ಹನಮವ್ವ ಬಾಣಗಳ ಮೇಲೆ ಬೆರಳಾಡಿಸಿದಳು. "ನೀವು ಬರೂ ಬಸ್ಸಿನಾಗ ಮಂದಿ ಎಷ್ಟಿರ್ತಾರ?"

"ಐವತ್ತು, ಅರವತ್ತು. ಯಾವಾಗಲೂ ತುಂಬಿರ್ತೈತಿ."

"ಅಣ್ಣಿಗೇರ್‍ಯಾಗ ಹತ್ತಿದವರ ಇಲ್ಲಿತನಕ ಕುಂತಿರ್ತಾರೇನು? ಪ್ರತಿ ಊರಾಗ ಹತ್ತು ಮಂದಿ ಇಳೀತಾರ, ಹತ್ತು ಮಂದಿ ಹತ್ತತಾರ. ದೂರ ನಿಂತವರಿಗೆ ಅದ ತುಂಬಿದ ಬಸ್ಸು. ಒಳಗ ಒಬ್ಬರೂ ಅದ ಮಂದಿ ಅಲ್ಲ. ನಾ ಮುಚ್ಚಿದ ಭಟ್ಟ್ಯಾಗ ಹಿಂಗ ಆಗಿತ್ತು ನೋಡ್ರಿ. ಇಳಿದವರು ಮತ್ತ ಹತ್ತಲಾರದಂಗ ಬಾಗಲಾ ತೆರೆದ್ರ ಅಷ್ಟ ಬಸ್ಸು ಖಾಲಿ ಆಗೂದು."

ಅಮೃತಾ ಟೀಚರು ಪೆನ್ನು ತೆಗೆದು ಅಲ್ಲೇ ನಿಂತು ಬರೆದುಕೊಂಡರು. "ನಾಳೆ ಹುಡುಗ್ರಿಗೆ ಇದನ್ನ ಹೇಳ್ತೀನಿ. ಗ್ವಾಡಿ ಬಗ್ಗೆ ಹೆದರಬ್ಯಾಡ್ರಿ, ನಿಮ್ಮ ಲೆಕ್ಕ ಸರಿ ಐತಿ."

"ಹೆದರಿದವರ್‍ಯಾರು?" ಎಂದಳು ಹನಮವ್ವ, ಇಪ್ಪತ್ತು ದಿನದಿಂದ ನಿದ್ದೆ ಇಲ್ಲದವಳು.

ನಲವತ್ತೈದನೆಯ ದಿನ ಗಣೇಶ ಚೌತಿಯ ಹಿಂದಿನ ಸೋಮವಾರ ಬಂತು. ಅಗಸಿಯ ಮುಂದೆ ಈ ಸಲ ಅರ್ಧ ಊರಲ್ಲ, ಇಡೀ ಊರು. ಹನಮವ್ವ ಹೆಗಲ ಮೇಲೆ ಹಾರಿ ಹೊತ್ತುಕೊಂಡೇ ಬಂದಳು. ಗೋಡೆಗೆ ಅದನ್ನು ಒರಗಿಸಿ, "ಸೋತ್ರ ಇಲ್ಲಿಂದ ಸೀದಾ ಭಟ್ಟಿಗೆ ಹೋಗತೀನಿ, ಮನಿಗೆ ಹೋಗಿ ತರೂ ಕೆಲಸ ಇರಬಾರದು" ಎಂದಳು.

ಗೋಣಿ ತಟ್ಟು ಸರಿಸಿದರು. ಶಂಭುಲಿಂಗಪ್ಪ ತಾವೇ ಮೊಳೆ ಹಿಡಿದು ಎಡಗಡೆ ಗೋಡೆಯನ್ನು ಗೀರಿದರು. ಕರ್ರೆಂದು ಸದ್ದಾಯಿತು, ಬಿಳಿಯ ಗೆರೆ ಮೂಡಿತು, ಮೊಳೆ ಒಳಗಿಳಿಯಲಿಲ್ಲ. ಮತ್ತೊಮ್ಮೆ ಒತ್ತಿ ಗೀರಿದರು. ಮೊಳೆ ಜಾರಿ ಅವರ ಹೆಬ್ಬೆರಳೇ ತರಚಿತು. ಬಲಗಡೆ ಬಣ್ಣದ ಗೋಡೆಗೆ ಚುಚ್ಚಿದರೆ ಅದೇ ಮೊಳೆ ಅರ್ಧ ಬೆರಳು ಒಳಗೆ ಹೋಯಿತು. ಗುಂಪಿನಲ್ಲಿ ಗುಸುಗುಸು ಎದ್ದಿತು.

"ಸಿಮೆಂಟ್ ಬೆರಸ್ಯಾಳ ಮಾಮಾ!" ಹೇಮಂತ ಚೀರಿದ. "ಗೋಣಿ ತಟ್ಟಿನ ಹಿಂದ ಏನ್ ಮಾಡ್ಯಾಳ ಅಂತ ಯಾರು ನೋಡ್ಯಾರ?"

ಎಲಾ ಇವನ! ಮೊದಲು ಕಲ್ಲಿನ ಪುಡಿ ಅಂದ, ಈಗ ಸಿಮೆಂಟು. ಜನ ಮತ್ತೆ ಹನಮವ್ವನ ಕಡೆ ಸಂಶಯದಿಂದ ತಿರುಗಿದರು. ಹನಮವ್ವ ಸಿಟ್ಟಾಗಲಿಲ್ಲ. ಇದು ಬರುತ್ತದೆಂದು ಅವಳಿಗೆ ಗೊತ್ತಿತ್ತೋ ಏನೋ.

"ಗೌರಕ್ಕಾರ, ನಿಮ್ಮ ಮನ್ಯಾಗಿಂದ ಒಂದು ತಾಟಿನಾಗ ಅರಿಶಿಣದ ನೀರು ಕಲಸಿ ತರ್ರಿ. ನನ್ನ ಕೈಲೆ ಬ್ಯಾಡ, ನೀವ ಕಲಸ್ರಿ. ತಮ್ಮಾ ಹೇಮಂತ, ನಿನ್ನ ಗಾಡ್ಯಾಗ ಸಿಮೆಂಟ್ ಚೀಲ ಐತೆಲ್ಲ, ಒಂದು ಹಿಡಿ ತಾ."

ತಾಟು ಬಂತು. ಹನಮವ್ವ ಮೊದಲು ಸಿಮೆಂಟಿನ ಮೇಲೆ ಸ್ವಲ್ಪ ಸುರಿದಳು. ಹಳದಿ ನೀರು ಕಣ್ಣೆದುರೇ ಕೆಂಪಾಯಿತು. ಆಮೇಲೆ ಬಲಗಡೆ ಹೋಗಿ, ಎಣ್ಣೆಬಣ್ಣದ ಒಂದು ಚಕ್ಕೆ ಎಬ್ಬಿಸಿ, ಒಳಗಿನ ಮೆತ್ತಗಿನ ಗಚ್ಚಿಗೆ ಅಂಗೈಯಿಂದ ಅರಿಶಿಣ ಬಳಿದಳು.

ಅದು ಕೆಂಪಾಯಿತು. ಆರತಿಯ ತಾಟಿನಲ್ಲಿ ಆಗುವಂಥ ಕೆಂಪು, ಕಡುಕೆಂಪು.

"ಅಯ್ಯ ನಮ್ಮವ್ವ!" ಎಂದಳು ಒಬ್ಬ ಹೆಂಗಸು. ಗಂಡಸರಿಗೆ ಇನ್ನೂ ಏನೂ ಹೊಳೆದಿರಲಿಲ್ಲ. ಹೆಂಗಸರಿಗೆಲ್ಲ ಒಂದೇ ಉಸಿರಿಗೆ ತಿಳಿದುಹೋಯಿತು. ಅರಿಶಿಣಕ್ಕೆ ಸುಣ್ಣ ಸೇರಿಸಿ ಎಷ್ಟು ಮದುಮಕ್ಕಳಿಗೆ, ಎಷ್ಟು ಕೂಸುಗಳಿಗೆ ಆರತಿ ಎತ್ತಿದ ಕೈಗಳು ಅವು!

"ಕೆಂಪಾತು ಅಂದ್ರ ಒಳಗ ಸುಣ್ಣ ಇನ್ನೂ ಸುಣ್ಣಾಗೇ ಐತಿ" ಎಂದರು ಗೌರಕ್ಕ, ಗಂಡನ ಕಡೆ ತಿರುಗಿ. "ಸತ್ತಿಲ್ಲ. ಕಲ್ಲಿನ ಪುಡಿ ಆಗಿದ್ರ ಕೆಂಪ ಆಗತಿದ್ದಿಲ್ಲ."

ಹನಮವ್ವ ಎಡಗಡೆಗೆ ಬಂದಳು. ಅಂಗೈ ತುಂಬ ಅರಿಶಿಣ ತೆಗೆದುಕೊಂಡು, ಮೇಲಿನಿಂದ ಕೆಳಗೆ ಎಳೆದಳು. ಶಂಭುಲಿಂಗಪ್ಪ ಕನ್ನಡಕ ಏರಿಸಿಕೊಂಡು ಹತ್ತಿರ ಬಗ್ಗಿದರು. ಹಳದಿ ಹಳದಿಯಾಗಿಯೇ ಇತ್ತು.

"ಇಲ್ಲಿ ಸುಣ್ಣಾನೂ ಇಲ್ಲ, ಸಿಮೆಂಟೂ ಇಲ್ಲ" ಎಂದಳು ಹನಮವ್ವ. "ಇದು ಕಲ್ಲು. ಹಳ್ಳದಾಗ ನಾ ಆರಿಸಿದಾಗ ಕಲ್ಲಿತ್ತು, ಭಟ್ಟ್ಯಾಗ ಸುಣ್ಣ ಆತು, ಈಗ ಹೊಳ್ಳಿ ಕಲ್ಲ ಆತು. ನೀವು ಬಣ್ಣಾ ಬಳಿದು ಅದರ ದಾರಿ ಕಟ್ಟಿದ್ರಿ. ಅದು ಎಂಟು ತಿಂಗಳು ಬಾಗಲದಾಗ ಕುಂತು ಕಾಯ್ತು. ಹಂತಾ ಸುಣ್ಣ ನಂದು."

ಯಾರೂ ನಗಲಿಲ್ಲ. ಅಮೃತಾ ಟೀಚರು ಮಾತ್ರ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು.

ಶಂಭುಲಿಂಗಪ್ಪ ಗೋಡೆ ನೋಡಿದರು, ತರಚಿದ ಹೆಬ್ಬೆರಳು ನೋಡಿಕೊಂಡರು. "ತಪ್ಪಾತು ಹನಮವ್ವ" ಎಂದರು. ಮಂದಿ ಎದುರಿಗೇ ಅಂದರು, ಅಷ್ಟು ದೊಡ್ಡತನ ಅವರಿಗಿತ್ತು. "ಭಟ್ಟಿ ಜಾಗಾ ನಿಂದ. ಇನ್ನ ಯಾರೂ ಆ ಮಾತು ಆಡೂದಿಲ್ಲ. ಇನ್ನ ಬಲಗಡೆ ಗ್ವಾಡಿನೂ ನೀನ ಸರಿ ಮಾಡಿಬಿಡವಾ."

"ಇಲ್ರಿ" ಎಂದಳು ಹನಮವ್ವ.

ಶಂಭುಲಿಂಗಪ್ಪನವರ ಹುಬ್ಬು ಮೇಲೇರಿತು.

"ನಾ ನನ್ನ ಗ್ವಾಡಿ ಮಾಡೀನ್ರಿ. ಅದು ಬಣ್ಣ ಹಚ್ಚಿದವರ ಗ್ವಾಡಿ." ಅವಳು ಭಟ್ಟಿ ಒಡೆಯಲೆಂದು ತಂದಿದ್ದ ಹಾರಿಯನ್ನು ಎತ್ತಿ, ಗುಂಪಿನ ಹಿಂದೆ ಸರಿಯುತ್ತಿದ್ದ ಹೇಮಂತನ ಎರಡೂ ಕೈಯೊಳಗೆ ಇಟ್ಟಳು. "ಹಿಡಿ ತಮ್ಮಾ. ಬಣ್ಣ ಕೆರಿ, ಗಚ್ಚು ಉದುರಿಸು, ಕುಟ್ಟು, ಹೊಳ್ಳಿ ಹಚ್ಚು. ಗೊತ್ತಾಗಲಿಲ್ಲಂದ್ರ ಕೇಳು, ಹೇಳಿಕೊಡ್ತೀನಿ. ನಲವತ್ತೈದು ದಿನ ನೀರು ನೀ ಹೊಡೀಬೇಕು, ಮುಂಜಾನಿ ಒಮ್ಮೆ, ಸಂಜಿ ಒಮ್ಮೆ."

ಹೇಮಂತ ಮಾಮನ ಮುಖ ನೋಡಿದ. ಮಾಮ ಗೋಡೆಯ ಕಡೆ ಕೈ ತೋರಿಸಿದರು.

ಹನಮವ್ವ ಸೆರಗಿಗೆ ಕೈಯೊರೆಸಿಕೊಂಡು ಹಳ್ಳದ ಕಡೆ ಹೊರಟಳು. ಭಟ್ಟಿಯಲ್ಲಿ ಹರಳು ಪೇರಿಸಿಟ್ಟು ನಲವತ್ತೈದು ದಿನವಾಗಿತ್ತು. ಒಡೆಯುವುದೋ ಹೊತ್ತಿಸುವುದೋ ಗೊತ್ತಾಗುವ ತನಕ ಅವಳು ಬೆಂಕಿ ಇಟ್ಟಿರಲಿಲ್ಲ. ಮಳೆಗೆಂದು ಬಾಯಿಗೆ ಮುಚ್ಚಿದ್ದ ತಗಡನ್ನು ಎಳೆದು ಪಕ್ಕಕ್ಕೆ ಎಸೆದಳು, ಬೇವಿನ ತೊಪ್ಪಲು ಕಟ್ಟಿದಳು, ಬೆಂಕಿ ಇಟ್ಟಳು.